ಹೆಸರು ಹೇಳಬಾರದ ಸೊಪ್ಪು

ನಾನು ಕಾಮಾಲೆಗೆ ಮದ್ದು ಕೊಡುವುದನ್ನು ನಿಲ್ಲಿಸಿದ್ದೇನೆ. ಈಗಲೂ ಕೆಲವರು ಆದಿತ್ಯವಾರ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ಮೊದಲು ರಕ್ತಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳುಹಿಸುತ್ತೇನೆ. ಮುಖ ಗಂಟು ಹಾಕಿಕೊಂಡು ಹೋಗುತ್ತಾರೆ. ಟೀಚರಿಗೆ ಪ್ರಾಯವಾಯಿತು, ಕೈ ನಡುಗುತ್ತದೆ ಎಂದು ಒಬ್ಬರು ಹೇಳಿದರಂತೆ. ಮಗಳು ಬೇಡ ಅಂದಳಂತೆ ಎಂದು ಇನ್ನೊಬ್ಬರು. ಊರಿನ ಬಾಯಿಗೆ ಬೀಗ ಹಾಕುವ ಉಮೇದು ನನಗಿಲ್ಲ. ಆದರೆ ನಡೆದದ್ದು ಅವರು ಹೇಳುವ ಹಾಗಲ್ಲ, ಅದಕ್ಕಿಂತ ಕೆಟ್ಟದ್ದು. ಅದನ್ನು ನಾನೇ ಬರೆದುಬಿಡುವುದು ಒಳ್ಳೆಯದು.

ನಮ್ಮ ಮನೆ ಇರುವುದು ನರಿಕೊಂಬಿನಲ್ಲಿ, ಹೊಳೆಯಿಂದ ಸ್ವಲ್ಪ ಮೇಲೆ. ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದ ಇಳಿಯುವುದು. ಮದ್ದೂ ಹಾಗೆಯೇ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂತು. ಬೆಳಕು ಹರಿಯುವ ಮೊದಲು, ಯಾರ ಹತ್ತಿರವೂ ಮಾತಾಡದೆ ಹೋಗಿ ಸೊಪ್ಪು ಕಿತ್ತು ತರಬೇಕು. ಅರೆದು ದನದ ಹಾಲಿನಲ್ಲಿ ಕಲಸಿ ಬರಿಹೊಟ್ಟೆಗೆ ಮೂರು ದಿನ ಕುಡಿಸಬೇಕು. ಉಪ್ಪಿಲ್ಲ, ಎಣ್ಣೆಯಿಲ್ಲ. ಹಣ ಮುಟ್ಟುವಂತಿಲ್ಲ. ಆ ಮೂರು ದಿನ ಬೇರೆ ಯಾವ ಮದ್ದೂ ಹೊಟ್ಟೆಗೆ ಹೋಗಬಾರದು, ಮದ್ದಿನ ಮೇಲೆ ಮದ್ದು ಬಿದ್ದರೆ ಎರಡೂ ಕೆಡುತ್ತವೆ ಎಂದು ಅಮ್ಮ ಹೇಳುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಸೊಪ್ಪಿನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅದರ ಗುಣ ಹೋಗುತ್ತದೆ. ಅಮ್ಮ ನನಗೂ ಹೆಸರು ಹೇಳಲಿಲ್ಲ, ಗಿಡದ ಹತ್ತಿರ ಕರೆದುಕೊಂಡು ಹೋಗಿ ಬೆರಳು ತೋರಿಸಿದರು ಅಷ್ಟೇ. ಹೆಸರನ್ನು ಆಮೇಲೆ ನಾನೇ ಪುಸ್ತಕದ ಚಿತ್ರ ನೋಡಿ ತಿಳಿದುಕೊಂಡೆ.

ಬಂಟ್ವಾಳದ ಶಾಲೆಯಲ್ಲಿ ನಾನು ಕನ್ನಡದ ಜೊತೆಗೆ ವಿಜ್ಞಾನವನ್ನೂ ಕಲಿಸಿದವಳು. ಕರಿಹಲಗೆಯ ಮೇಲೆ ಬ್ಯಾಕ್ಟೀರಿಯಾದ ಚಿತ್ರ ಬಿಡಿಸಿ, ಮರುದಿನ ಮುಂಜಾನೆ ಬಾಯಿಗೆ ಬೀಗ ಹಾಕಿಕೊಂಡು ಸೊಪ್ಪು ಕೀಳಲು ಹೋಗುತ್ತಿದ್ದೆ. ಇವು ಒಂದಕ್ಕೊಂದು ಹೊಂದುವುದಿಲ್ಲ ಎಂದು ನನಗೆ ಯಾವತ್ತೂ ಅನಿಸಲಿಲ್ಲ. ಗುಣವಾದವರು ಬಾಳೆಗೊನೆ ತಂದು ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದರು. ಗುಣವಾಗದವರು ಬರುತ್ತಿರಲಿಲ್ಲ, ಹಾಗಾಗಿ ಅವರು ಎಷ್ಟು ಮಂದಿ ಎಂದು ನನಗೆ ಗೊತ್ತಿಲ್ಲ.

ಮೊಮ್ಮಗಳಿಗೆ ಆಗ ಎರಡು ವರ್ಷ ತುಂಬಿ ಎರಡು ತಿಂಗಳು. ಮಗಳು ಮೂಡುಬಿದಿರೆಯಲ್ಲಿ ಕಾಲೇಜಿನ ಉಪನ್ಯಾಸಕಿ, ಅಳಿಯ ಮಸ್ಕತ್ತಿನಲ್ಲಿ. ಮಗುವಿಗೆ ಜ್ವರ ಕೆಮ್ಮು ಶುರುವಾದಾಗ ಅಲ್ಲಿಯ ಮಕ್ಕಳ ಡಾಕ್ಟರಿಗೆ ತೋರಿಸಿದಳು. ಎದೆಯಲ್ಲಿ ಕಫ ಉಂಟು, ನ್ಯುಮೋನಿಯಾದ ಶುರು ಇರಬಹುದು ಎಂದು ಅವರು ಏಳು ದಿನದ ಸಿರಪ್ ಬರೆದುಕೊಟ್ಟರು. ಅಷ್ಟರಲ್ಲಿ ಮಗಳಿಗೆ ಬೆಳ್ತಂಗಡಿಯ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಬಂತು. ರಜೆ ಸಿಗಲಿಲ್ಲ. ಲಾಯಿಲದಲ್ಲಿ ಗೆಳತಿಯ ಮನೆಯಲ್ಲಿ ಐದಾರು ದಿನ ನಿಂತು ಕೆಲಸ ಮುಗಿಸುವುದು ಎಂದು ತೀರ್ಮಾನಿಸಿ, ಮಗುವನ್ನು ನನ್ನ ಹತ್ತಿರ ತಂದು ಬಿಟ್ಟಳು. ಸಿರಪ್ಪಿಗೆ ಎರಡು ದಿನವಾಗಿತ್ತು.

"ಅಮ್ಮ, ಏಳು ದಿನ ಬಿಡದೆ ಕೊಡ್ಬೇಕು ಆಯ್ತಾ. ಜ್ವರ ಇಳಿದ್ರೂ ಕೊಡ್ಬೇಕು. ಉಸಿರು ಜೋರಾದ್ರೆ ಕೂಡ್ಲೇ ಫೋನ್ ಮಾಡು."

"ನನಗೆ ಪಾಠ ಮಾಡ್ಬೇಡ ಮಾರಾಯ್ತಿ. ನಿನ್ನನ್ನು ಸಾಕಿದ್ದು ಯಾರು, ಪಕ್ಕದ ಮನೆಯವರಾ?" ಎಂದೆ. ಅವಳು ನಕ್ಕಳು. ಮಗು ಕಾರಿನ ಹಿಂದೆ ಅಳಲೂ ಇಲ್ಲ, ನನ್ನ ಹೆಗಲಿಗೆ ತಲೆ ಹಾಕಿ ಮಲಗಿತು.

ಎರಡು ದಿನ ಗಡಿಯಾರ ನೋಡಿ ಸಿರಪ್ ಕೊಟ್ಟೆ. ಜ್ವರ ಇಳಿದ ಹಾಗೆ ಕಂಡಿತು. ಮೂರನೆಯ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕೂರಿಸಿ ಬಿಸಿನೀರಿನ ಬಟ್ಟೆಯಿಂದ ಮೈ ಒರೆಸುವಾಗ ಅವಳ ಕಣ್ಣು ನೋಡಿದೆ. ಬಿಳಿಯ ಭಾಗಕ್ಕೆ ಅರಶಿನದ ಛಾಯೆ. ಅಂಗೈ ಕಾಗದದಷ್ಟು ಬಿಳಿ. ಮಕ್ಕಳ ಪಾಟ್ ಮೇಲೆ ಕೂರಿಸಿದರೆ ಸ್ವಲ್ಪವೇ ಮೂತ್ರ ಬಂತು, ಅದು ಹಾಲು ಹಾಕದ ಚಾದ ಬಣ್ಣ.

ನನಗೆ ಹೆದರಿಕೆ ಆಗಲಿಲ್ಲ. ಹೆದರಬೇಕಾದ ಬೆಳಿಗ್ಗೆ ನನಗೆ ಒಂದು ರೀತಿಯ ಸಮಾಧಾನವಾಗಿತ್ತು. ನ್ಯುಮೋನಿಯಾ ಡಾಕ್ಟರದು, ಕಾಮಾಲೆ ನನ್ನದು. ಇದು ನನ್ನ ಕೈಯೊಳಗಿನ ಕಾಯಿಲೆ ಎಂದುಕೊಂಡೆ. ಸಿರಪ್ಪಿನ ಬಾಟಲಿಯನ್ನು ಕಪಾಟಿನ ಮೇಲಿಟ್ಟು, ಸೊಪ್ಪು ತರಲು ಹೋದೆ. ಬೆಳಕು ಹರಿದಾಗಿತ್ತು, ಆದರೂ ಹೋದೆ. ಮಗಳು ಮಧ್ಯಾಹ್ನ ಫೋನಿನಲ್ಲಿ ಕೇಳಿದಾಗ "ಮದ್ದು ಕೊಟ್ಟಿದ್ದೇನೆ" ಎಂದೆ. ಯಾವ ಮದ್ದು ಎಂದು ಹೇಳಲಿಲ್ಲ. ಅವಳಿಗೆ ಈ ಸೊಪ್ಪಿನ ಮೇಲೆ ಮೊದಲಿನಿಂದಲೂ ವಿಶ್ವಾಸವಿಲ್ಲ. ಗುಣವಾದ ಮೇಲೆ ಹೇಳಿ ಅವಳ ಬಾಯಿ ಮುಚ್ಚಿಸಬೇಕು ಎಂಬ ಸಣ್ಣ ಹಟವೂ ನನ್ನೊಳಗೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಆ ದಿನವೂ ಮರುದಿನವೂ ಉಪ್ಪಿಲ್ಲದ ಗಂಜಿಯ ತಿಳಿ ಕೊಟ್ಟೆ. ಮೂತ್ರ ಚೆನ್ನಾಗಿ ಹೋಗಲಿ ಎಂದು ಎಳನೀರಿನ ಬೊಂಡ ಕೆತ್ತಿಸಿ ಗಂಟೆಗೊಮ್ಮೆ ಚಮಚದಲ್ಲಿ ಬೊಂಡದ ನೀರು ಕುಡಿಸಿದೆ. ಎರಡನೆಯ ದಿನ ಸಂಜೆ ಅವಳ ಕೆನ್ನೆ ತುಂಬಿಕೊಂಡ ಹಾಗೆ ಕಂಡಿತು. ಮುಖ ಗುಂಡಗಾಗಿದೆ, ಮದ್ದು ಹಿಡಿಯಿತು ಎಂದು ಖುಷಿಪಟ್ಟೆ. ಮೊಣಕಾಲಿನ ಕೆಳಗೆ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. ಸೊಳ್ಳೆ ಎಂದುಕೊಂಡೆ. ಉಸಿರು ಸ್ವಲ್ಪ ಜೋರಿತ್ತು. ಕೆಮ್ಮಿನ ಸುಸ್ತು ಎಂದುಕೊಂಡೆ. ಮನುಷ್ಯ ಒಂದನ್ನು ನಂಬಿದ ಮೇಲೆ ಕಣ್ಣೆದುರಿನದ್ದಕ್ಕೆಲ್ಲ ಎಷ್ಟು ಬೇಗ ಉತ್ತರ ಹುಡುಕುತ್ತಾನೆ!

ಮರುದಿನ ಬೆಳಿಗ್ಗೆ ಮೂರನೆಯ ಸಲದ ಮದ್ದು ಅರೆದು, ಲೋಟ ಹಿಡಿದುಕೊಂಡು ಅವಳ ಹತ್ತಿರ ಕುಳಿತೆ. ಕರೆದರೆ ಕಣ್ಣು ತೆರೆದಳು, ಮತ್ತೆ ಮುಚ್ಚಿದಳು. ರೆಪ್ಪೆ ಊದಿಕೊಂಡು ಕಣ್ಣು ಗೀಟಿನ ಹಾಗಿತ್ತು. ಒದ್ದೆಯಾಗಿದ್ದರೆ ಬದಲಿಸುವ ಎಂದು ಚಡ್ಡಿ ಮುಟ್ಟಿದೆ. ಒಣಗಿತ್ತು. ಹಾಸಿಗೆ ಮುಟ್ಟಿದೆ. ಅದೂ ಒಣಗಿತ್ತು. ಕೊನೆಗೆ ಯಾವಾಗ ಮೂತ್ರ ಮಾಡಿದಳು ಎಂದು ಹಿಂದಕ್ಕೆ ಹಿಂದಕ್ಕೆ ನೆನಪಿಸಿಕೊಂಡೆ. ನಿನ್ನೆ ಬೆಳಿಗ್ಗೆ ನಾಲ್ಕು ಹನಿ. ಆಮೇಲೆ ಇಲ್ಲ. ಅಷ್ಟೊಂದು ಬೊಂಡದ ನೀರು ಎಲ್ಲಿ ಹೋಯಿತು?

ಕಾಮಾಲೆಯಲ್ಲಿ ಮೂತ್ರ ಹಳದಿಯಾಗಿ ಬರುತ್ತದೆ, ಆದರೆ ಬರುತ್ತದೆ. ನಾನು ನೋಡಿದ ಯಾರಿಗೂ ಅದು ನಿಂತಿರಲಿಲ್ಲ. ಇದು ನನಗೆ ಗೊತ್ತಿರುವ ಕಾಯಿಲೆಯಲ್ಲ ಎಂಬುದು ಆ ಕ್ಷಣದಲ್ಲಿ ತಿಳಿಯಿತು. ಲೋಟ ಕೆಳಗಿಟ್ಟು ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿದೆ.

ಪಕ್ಕದ ಮನೆಯವರು ಬ್ಯಾರಿ ಮುಸ್ಲಿಮರು, ದುಬೈಯಲ್ಲಿ ದುಡಿದು ಬಂದು ಪಾಣೆಮಂಗಳೂರಿನಲ್ಲಿ ಅಂಗಡಿ ಇಟ್ಟವರು. ಮಗುವಿನ ಮುಖ ನೋಡಿದ್ದೇ, ಒಂದು ಮಾತು ಕೇಳದೆ ಕಾರು ತೆಗೆದರು. "ಬಿ.ಸಿ. ರೋಡಿನ ಆಸ್ಪತ್ರೆಯಲ್ಲಿ ನಿಲ್ಲಿಸುವುದು ಬೇಡ ಟೀಚರೇ. ಸೀದಾ ಮಂಗಳೂರಿಗೆ ಹೋಗುವ." ದಾರಿಯಲ್ಲಿ ಮಗು ವಾಂತಿ ಮಾಡಿತು. ಮಗಳಿಗೆ ಫೋನ್ ಮಾಡಿ ಏನು ಹೇಳಿದೆನೋ ನನಗೆ ನೆನಪಿಲ್ಲ. ಅವಳು ಪರೀಕ್ಷೆಯ ಕೋಣೆಯಿಂದ ಹಾಗೆಯೇ ಹೊರಟು ಬಂದಳು.

ಆಸ್ಪತ್ರೆಯಲ್ಲಿ ಒಂದು ಗಂಟೆಯೊಳಗೆ ಮಗುವಿನ ಮೈಯಲ್ಲಿ ಎಲ್ಲೆಲ್ಲಿ ಸೂಜಿ ಚುಚ್ಚಬಹುದೋ ಅಲ್ಲೆಲ್ಲ ಚುಚ್ಚಿದರು. ಮಕ್ಕಳ ಡಾಕ್ಟರು ಒಬ್ಬ ಹೆಂಗಸು, ನನ್ನ ಶಿಷ್ಯೆಯಾಗಿರಬಹುದಾದ ಪ್ರಾಯ. ಮಗಳು ಬಂದು ಮುಟ್ಟಿದ ಮೇಲೆ ಇಬ್ಬರನ್ನೂ ಕೂರಿಸಿ ಹೇಳಿದರು. ಬಲಗಡೆಯ ಶ್ವಾಸಕೋಶದ ಸುತ್ತ ಕೀವು ತುಂಬಿದೆ, ಟ್ಯೂಬ್ ಹಾಕಿ ತೆಗೆಯಬೇಕು. ಅದು ಒಂದು. ಅದಕ್ಕಿಂತ ದೊಡ್ಡದು, ರಕ್ತದ ಕೆಂಪು ಕಣಗಳು ಒಡೆದು ಪುಡಿಯಾಗುತ್ತಿವೆ. ಕಣ್ಣಿನ ಹಳದಿ ಅದರಿಂದ ಬಂದದ್ದು, ಲಿವರಿನಿಂದ ಅಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬಹಳ ಇಳಿದಿವೆ, ಕಾಲಿನ ಚುಕ್ಕೆ ಅದರದ್ದು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ, ಮುಖದ ಬಾವು ಅದರಿಂದ.

ಸೊಳ್ಳೆ, ಕಾಮಾಲೆ, ಗುಂಡಗಾದ ಮುಖ. ನಾನು ಕೊಟ್ಟುಕೊಂಡ ಉತ್ತರಗಳನ್ನೆಲ್ಲ ಅವರು ಒಂದೊಂದಾಗಿ ತಪ್ಪು ಹಾಕುತ್ತಾ ಹೋದರು.

"ನಾಟಿ ಮದ್ದು ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲ" ಎಂದೆ.

ಅಷ್ಟು ಬೇಗ ಹೇಳಿದೆ! ಸುಳ್ಳು ಹೇಳಿದ್ದಕ್ಕೆ ಎಷ್ಟು ಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸಿದವಳು ನಾನು. ಮಗಳು ಪಕ್ಕದಲ್ಲೇ ಇದ್ದಳು, ಅದೊಂದು ಕಾರಣ. ನಿಜವಾದ ಕಾರಣ, ನಾನೇ ಮಗುವನ್ನು ಕೊಂದೆ ಎಂಬುದು ನನಗೆ ಆಗಲೇ ಖಾತ್ರಿಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಶಕ್ತಿ ಇರಲಿಲ್ಲ.

ಎದೆಗೆ ಟ್ಯೂಬ್ ಹಾಕಿದರು. ಹೊಟ್ಟೆಗೆ ಇನ್ನೊಂದು ಸಣ್ಣ ಟ್ಯೂಬ್ ಹಾಕಿ ಡಯಾಲಿಸಿಸ್ ಶುರು ಮಾಡಿದರು. ನೀರಿನಂಥ ಮದ್ದನ್ನು ಹೊಟ್ಟೆಯೊಳಗೆ ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿ, ಹೊರಗೆ ತೆಗೆಯುವುದು. ಐಸಿಯುವಿನ ಗಾಜಿನ ಆಚೆ ಅವಳು ಕಾಣುತ್ತಿದ್ದಳು. ಆ ಮಂಚದಲ್ಲಿ ಇನ್ನೂ ನಾಲ್ಕು ಮಕ್ಕಳು ಮಲಗಬಹುದಿತ್ತು.

ಮರುದಿನ ಮಧ್ಯಾಹ್ನ ಡಾಕ್ಟರು ಮತ್ತೆ ಬಂದರು. ಜೊತೆಗೆ ಒಬ್ಬ ನರ್ಸ್ ಇದ್ದಳು. ಡಾಕ್ಟರರ ಮುಖದಲ್ಲಿ ಗೊಂದಲ ಕಾಣುತ್ತಿತ್ತು.

"ಅಮ್ಮ, ಇನ್ನೊಮ್ಮೆ ಕೇಳ್ತೇನೆ, ಬೇಜಾರು ಮಾಡ್ಬೇಡಿ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಅಂತ ಒಂದು ಕೀಟಾಣು ಉಂಟು. ಅಪರೂಪಕ್ಕೆ ಅದು ಹೀಗೆ ರಕ್ತಕ್ಕೂ ಕಿಡ್ನಿಗೂ ಕೈ ಹಾಕ್ತದೆ. ನಮ್ಮ ಸಂಶಯ ಅದರ ಮೇಲೆ. ಆದರೆ ಸಿರಪ್ ಅಷ್ಟು ದಿನ ಸರಿಯಾಗಿ ಹೋಗಿದೆ ಅಂತೀರಿ, ಹಾಗಾದರೆ ಇಷ್ಟು ಬಲವಾಗಿ ಯಾಕೆ ಬಂತು? ಬೇರೆ ಕಾರಣ ಉಂಟಾ ಅಂತ ನೋಡ್ಬೇಕಾಗ್ತದೆ. ವಿಷ ಏನಾದರೂ ಹೋಗಿದೆಯಾ, ದೇಹವೇ ತನ್ನ ಮೇಲೆ ತಿರುಗಿ ಬಿದ್ದಿದೆಯಾ ಅಂತ. ಅಂಥದ್ದಕ್ಕೆ ಕೊಡುವ ಪ್ಲಾಸ್ಮಾವನ್ನು ಈ ಕೀಟಾಣುವಿನ ಕಾಯಿಲೆಗೆ ಕೊಟ್ಟರೆ ಮಗುವಿಗೆ ಅಪಾಯ."

ಮಗಳು ನಡುವೆ ಬಾಯಿ ಹಾಕಿದಳು. "ಸಿರಪ್ ತಪ್ಪಿರಲಿಕ್ಕಿಲ್ಲ ಡಾಕ್ಟ್ರೇ. ನನ್ನ ಅಮ್ಮ ಗಡಿಯಾರ ನೋಡಿ ಕೊಡುವವರು. ಅವರಷ್ಟು ಸರಿಯಾಗಿ ನಾನೇ ಕೊಡುವುದಿಲ್ಲ."

ಬೈದಿದ್ದರೆ ಇನ್ನೊಂದು ದಿನ ಸುಳ್ಳಿನ ಮೇಲೆ ನಿಲ್ಲುತ್ತಿದ್ದೆನೋ ಏನೋ. ಅವಳು ನನ್ನ ಪರವಾಗಿ ಮಾತಾಡಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ನಿಂತೆ.

"ಎರಡು ದಿನ ಕೊಡಲಿಲ್ಲ" ಎಂದೆ. "ಸಿರಪ್ ನಿಲ್ಲಿಸಿದೆ. ಸೊಪ್ಪು ಅರೆದು ಕೊಟ್ಟೆ. ಬೊಂಡದ ನೀರು ಕೊಟ್ಟೆ, ತುಂಬ ಕೊಟ್ಟೆ."

ಮಗಳು ನನ್ನ ಕಡೆಗೆ ತಿರುಗಿ ನೋಡಿದಳು. ಅವಳ ಮುಖವನ್ನು ನಾನು ವರ್ಣಿಸುವುದಿಲ್ಲ.

ಡಾಕ್ಟರು ಬೈಯಲಿಲ್ಲ. ಪೆನ್ನು ತೆಗೆದು "ಯಾವ ಸೊಪ್ಪು?" ಎಂದರು.

ಇಷ್ಟು ಹೊತ್ತಿನ ಮೇಲೆ ಏನು ಕಷ್ಟ ಎಂದು ಓದುವವರಿಗೆ ಅನಿಸಬಹುದು. ಆದರೆ ಅದು ಮೂರು ತಲೆಮಾರಿನಲ್ಲಿ ಯಾರ ಬಾಯಿಂದಲೂ ಬಾರದ ಹೆಸರು. ಹೇಳಿದರೆ ಗುಣ ಹೋಗುತ್ತದೆ ಎಂದು ನಂಬಿದ ತಲೆಗೆ ಆಗ ಹೊಳೆದದ್ದು ಇಷ್ಟು: ಎರಡು ದಿನದ ಮದ್ದು ಅವಳ ಹೊಟ್ಟೆಯೊಳಗಿದೆ, ಒಂದು ವೇಳೆ ಅದೇ ಅವಳನ್ನು ಹಿಡಿದು ನಿಲ್ಲಿಸಿದ್ದರೆ? ಹೆಸರು ಹೇಳಿದ ಕೂಡಲೇ ಗಾಜಿನ ಆಚೆ ಎದೆಬಡಿತ ತೋರಿಸುವ ಯಂತ್ರದ ಸದ್ದು ಬದಲಾದರೆ? ವಿಜ್ಞಾನ ಕಲಿಸಿದ ಟೀಚರ್ ಹಾಗೆ ಯೋಚಿಸಿದಳು.

"ಹೇಳಮ್ಮ" ಎಂದಳು ಮಗಳು. ಅದು ನನ್ನ ಮಗಳ ದನಿಯಾಗಿರಲಿಲ್ಲ, ಒಳಗೆ ಮಲಗಿದ್ದ ಮಗುವಿನ ತಾಯಿಯ ದನಿ.

"ನೆಲನೆಲ್ಲಿ."

ಡಾಕ್ಟರು ತಲೆ ಎತ್ತಿದರು. "ನೆಲನೆಲ್ಲಿಯಾ? ಬೇರೆ ಏನೂ ಸೇರಿಸಿಲ್ಲವಲ್ಲ?"

"ಇಲ್ಲ. ದನದ ಹಾಲು ಮಾತ್ರ."

ಪಕ್ಕದ ನರ್ಸ್, ಪಾಪ, ನನ್ನನ್ನು ಸಮಾಧಾನ ಮಾಡಲಿಕ್ಕೆಂದೇ ಹೇಳಿದಳು: "ನಮ್ಮ ಕನ್ಯಾನದಲ್ಲಿ ಸಹ ಎಲ್ಲರೂ ಅದನ್ನೇ ಕೊಡುವುದು ಟೀಚರೇ. ಅಂಗಳದಲ್ಲಿ ರಾಶಿ ಉಂಟಲ್ಲ."

ನನ್ನ ಅಜ್ಜಿ, ನನ್ನ ಅಮ್ಮ, ನಾನು. ಬಾಯಿಗೆ ಬೀಗ ಹಾಕಿಕೊಂಡು ಕಾದ ಗುಟ್ಟು ಊರಿಗೆಲ್ಲ ಗೊತ್ತಿದ್ದ ಕಳೆ. ಬೇರೆ ಹೊತ್ತಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ.

ಇದು ಸೊಪ್ಪಿನಿಂದ ಆದದ್ದಲ್ಲ, ಕೀಟಾಣುವಿನಿಂದಲೇ ಎಂಬುದು ಎದೆಯ ಕೀವಿನ ಪರೀಕ್ಷೆಯಲ್ಲಿ ಮರುದಿನ ಖಚಿತವಾಯಿತು. ಬೊಂಡದ ನೀರಿನ ವಿಷಯ ಮಾತ್ರ ಡಾಕ್ಟರು ಬಿಡಲಿಲ್ಲ. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಕಿಡ್ನಿ ನಿಂತವರಲ್ಲಿ ಅದು ಹೊರಗೆ ಹೋಗದೆ ರಕ್ತದಲ್ಲೇ ಏರಿ ಹೃದಯವನ್ನು ನಿಲ್ಲಿಸಬಹುದು, ಇನ್ನೊಂದು ದಿನ ಕೊಟ್ಟಿದ್ದರೆ ಇಲ್ಲಿಗೆ ತರುವ ಕೆಲಸ ಇರುತ್ತಿರಲಿಲ್ಲ ಎಂದರು. ಹಾಗಾದರೆ ಸಿರಪ್ ನಿಲ್ಲಿಸದಿದ್ದರೆ ಇದು ಬರುತ್ತಿರಲಿಲ್ಲವೇ ಎಂದು ಕೇಳಿದೆ. "ಹೇಳಲಿಕ್ಕಾಗುವುದಿಲ್ಲ ಅಮ್ಮ. ಆಗಲೇ ಶುರುವಾಗಿತ್ತು. ಕೊಟ್ಟಿದ್ದರೂ ಬರಬಹುದಿತ್ತು. ಎರಡು ದಿನ ತಡವಾದದ್ದು ಮಾತ್ರ ಹೌದು." ಹೌದು ಎಂದಿದ್ದರೆ ಒಂದೇ ಸಲ ಅತ್ತು ಮುಗಿಸಬಹುದಿತ್ತು. ಈ ಉತ್ತರ ಇವತ್ತಿಗೂ ಮುಗಿದಿಲ್ಲ.

ಅವಳಿಗೆ ರಕ್ತ ಕೊಡಬೇಕಾಯಿತು. ಅದನ್ನು ತೊಳೆದು ಕೊಡುತ್ತೇವೆ ಎಂದರು. ರಕ್ತವನ್ನು ತೊಳೆಯುವುದೆಂದರೆ ಏನು ಎಂದು ನನಗೆ ಅರ್ಥವಾಗಲಿಲ್ಲ. ಈ ಕೀಟಾಣು ಕೆಂಪು ಕಣಗಳ ಮೇಲಿನ ಪದರವನ್ನು ಸುಲಿದುಬಿಡುತ್ತದಂತೆ. ದಾನಿಯ ರಕ್ತದ ನೀರಿನಂಶದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಇರುವ ಕೆಲವು ವಸ್ತುಗಳು ಹಾಗೆ ಸುಲಿದ ಕಣಗಳ ಮೇಲೆ ಬಿದ್ದು ಅವನ್ನು ಇನ್ನಷ್ಟು ಒಡೆಯುತ್ತವೆ. ಅದಕ್ಕೆ ಆ ನೀರಿನಂಶ ಹೋಗುವ ಹಾಗೆ ತೊಳೆದು, ಬರೀ ಕಣಗಳನ್ನು ಕೊಡುವುದು. ಬಾಯಿ ಮುಚ್ಚಿಕೊಂಡೇ ಇದ್ದಿದ್ದರೆ ಏನು ಕೊಡುತ್ತಿದ್ದರೋ ಎಂದು ಯೋಚಿಸಿದೆ. ಆಮೇಲೆ ಯೋಚಿಸಲಿಕ್ಕೂ ಹೆದರಿಕೆಯಾಯಿತು.

ಚುಚ್ಚುಮದ್ದಿನ ಕಾರ್ಡ್ ಕೇಳಿದರು. ಮಗಳು ಚೀಲದಿಂದ ತೆಗೆದು ಕೊಟ್ಟಳು. ಈ ಕೀಟಾಣುವಿನ ಲಸಿಕೆಯ ಮೊದಲ ಎರಡು ಸಲದ್ದು ಆಗಿತ್ತು, ಒಂಬತ್ತನೆಯ ತಿಂಗಳಿನದ್ದು ಇರಲಿಲ್ಲ. ಆಗ ಅವಳು ಮಗುವನ್ನು ಕರೆದುಕೊಂಡು ಮಸ್ಕತ್ತಿಗೆ ಹೋಗಿದ್ದಳು. ಬಂದ ಮೇಲೆ ಹಾಕಿಸುವ ಎಂದುಕೊಂಡು ಮರೆತಿದ್ದಳು. ಖಾಲಿ ಚೌಕದ ಮೇಲೆ ಬೆರಳಿಟ್ಟು ಕುಳಿತಳು. ಬೇರೆ ದಿನವಾಗಿದ್ದರೆ ನಾನು ನಾಲ್ಕು ಮಾತು ಆಡದೆ ಬಿಡುತ್ತಿರಲಿಲ್ಲ. ಆ ದಿನ ಅವಳ ಬೆನ್ನು ಮುಟ್ಟಲು ಹೋದೆ, ಅವಳು ಸರಿದು ಕುಳಿತಳು.

ಆಮೇಲೆ ನಮ್ಮಿಬ್ಬರಿಗೆ ಒಂದೇ ಕೆಲಸ, ಮೂತ್ರಕ್ಕೆ ಕಾಯುವುದು. ಕಿಡ್ನಿ ತಿರುಗಿ ಎದ್ದರೆ ಮೂತ್ರ ಬರುತ್ತದೆ, ಏಳದಿದ್ದರೆ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ಏಳುತ್ತದೆ, ಕೆಲವರಲ್ಲಿ ಏಳುವುದಿಲ್ಲ ಎಂದಿದ್ದರು. ಮಂಚದ ಕಾಲಬುಡದಲ್ಲಿ ನೇತುಹಾಕಿದ ಹಾಳೆಯಲ್ಲಿ ದಿನವೂ ಮೂತ್ರದ ಸಾಲಿನಲ್ಲಿ ಸೊನ್ನೆ ಬರೆಯುತ್ತಿದ್ದರು. ನೂರಾರು ಮಕ್ಕಳ ಉತ್ತರ ಪತ್ರಿಕೆಯಲ್ಲಿ ಸೊನ್ನೆ ಸುತ್ತಿದವಳು ನಾನು. ಈಗ ಆ ಹಾಳೆಯ ಕಡೆ ನೋಡದೆ ದಾಟಿ ಹೋಗುತ್ತಿದ್ದೆ. ಮಗಳು ನನ್ನ ಹತ್ತಿರ ಊಟ ಮಾಡಿದೆಯಾ ಎಂದು ಕೇಳುತ್ತಿದ್ದಳು, ಮತ್ತೇನೂ ಮಾತಾಡುತ್ತಿರಲಿಲ್ಲ. ಯಂತ್ರ ಕೂಗಿದರೆ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಸಿಸ್ಟರ್ ಬಂದು ಗುಂಡಿ ಒತ್ತಿದರೆ ಒಟ್ಟಿಗೆ ಕೂರುತ್ತಿದ್ದೆವು.

ಒಂಬತ್ತನೆಯ ದಿನಕ್ಕೆ ಎದೆಯ ಟ್ಯೂಬ್ ತೆಗೆದಾಗಿತ್ತು, ಮೂತ್ರದ ನಳಿಗೆಯನ್ನೂ ತೆಗೆದಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಾಸಿಗೆಯ ಬಟ್ಟೆ ಬದಲಿಸಲು ಕನ್ಯಾನದ ನರ್ಸ್ ಮಗುವನ್ನು ಜಾಗ್ರತೆಯಿಂದ ಎತ್ತಿ ನನ್ನ ಮಡಿಲಿಗೆ ಕೊಟ್ಟಳು. ಹೊಟ್ಟೆಯ ಟ್ಯೂಬ್ ಎಳೆಯದ ಹಾಗೆ ಉಸಿರು ಬಿಗಿಹಿಡಿದು ಕುಳಿತೆ. ಆಗ ತೊಡೆಯ ಮೇಲೆ ಬಿಸಿ ತಾಗಿತು. ಮೊದಲು ರಕ್ತ ಎಂದುಕೊಂಡು ಕಿರುಚಿಬಿಟ್ಟೆ. ನರ್ಸ್ ಬಗ್ಗಿ ನೋಡಿ, "ಮೂತ್ರ ಟೀಚರೇ, ಮೂತ್ರ! ಅಲುಗಾಡಬೇಡಿ!" ಎಂದು ಅವಳೂ ಕಿರುಚಿದಳು. ಮಗಳು ಓಡಿ ಬಂದು ನನ್ನ ಸೀರೆಯ ಒದ್ದೆಯ ಮೇಲೆ ಎರಡೂ ಕೈ ಇಟ್ಟು, ನೆಲದಲ್ಲಿ ಕುಳಿತು ಅತ್ತಳು. ಆ ದಿನದ ಹಾಳೆಯಲ್ಲಿ ಅಂದಾಜು ಬರೆದರು, ಸೀರೆಯನ್ನು ತೂಗಲಿಕ್ಕಾಗುವುದಿಲ್ಲವಲ್ಲ.

ಮತ್ತೆರಡು ವಾರ ಬಿಟ್ಟು ಮನೆಗೆ ಕಳುಹಿಸಿದರು. ಕಿಡ್ನಿ ಎದ್ದಿದೆ, ಆದರೆ ಪೂರ್ತಿ ಮರೆಯುವ ಹಾಗಿಲ್ಲ, ವರ್ಷಗಟ್ಟಲೆ ಬಿ.ಪಿ., ಮೂತ್ರ, ರಕ್ತ ನೋಡುತ್ತಲೇ ಇರಬೇಕು ಎಂದಿದ್ದಾರೆ. ಮೂಡುಬಿದಿರೆಯ ಮನೆಯಲ್ಲಿ ನಾನು ಒಂದು ತಿಂಗಳು ಇದ್ದೆ. ಅವಳು ಓಡಾಡಲು ಶುರು ಮಾಡಿದಳು. ನಾನು ಅವಳ ಹಿಂದೆಯೇ ಹೋಗಿ ಕಣ್ಣಿನ ರೆಪ್ಪೆ ಊದಿದೆಯೇ, ಅಂಗೈ ಬಿಳುಚಿದೆಯೇ ಎಂದು ನೋಡುತ್ತಿದ್ದೆ. ಸಂಜೆ ಒಂದು ಸೊಳ್ಳೆ ಕಚ್ಚಿದ ಗುರುತು ಕಂಡರೆ, ಅದನ್ನು ಬೆರಳಿನಿಂದ ಒತ್ತಿ ಬಣ್ಣ ಹೋಗುತ್ತದೆಯೋ ಎಂದು ಪರೀಕ್ಷಿಸುತ್ತಿದ್ದೆ. ಅವಳಿಗೆ ಅದು ಆಟ, ತಾನೂ ನನ್ನ ಕೈಯನ್ನು ಒತ್ತುತ್ತಿದ್ದಳು.

ಮಗಳ ರಜೆ ಮುಗಿಯುವ ಹಿಂದಿನ ದಿನ ಅಡುಗೆಮನೆಯಲ್ಲಿ ನಾನೇ ಮಾತು ತೆಗೆದೆ. ಇಷ್ಟು ವರ್ಷ ಯಾರ ಹತ್ತಿರವೂ ನಾನು ಅಷ್ಟು ಮೆಲ್ಲಗೆ ಮಾತಾಡಿದ್ದಿಲ್ಲ. "ನೀನು ಕೆಲಸಕ್ಕೆ ಹೋಗುವಾಗ ಅವಳನ್ನು ಯಾರು ನೋಡಿಕೊಳ್ಳುವುದು? ನಾನು ಇಲ್ಲೇ ಇರ್ತೇನೆ. ಇಲ್ಲದಿದ್ದರೆ ಮನೆಗೆ ಕರ್ಕೊಂಡು ಹೋಗ್ತೇನೆ."

ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. ನಲ್ಲಿ ಹರಿಯುತ್ತಲೇ ಇತ್ತು.

"ನಿನ್ನ ಮೇಲೆ ಸಿಟ್ಟು ಇಲ್ಲ ಅಮ್ಮ. ನಾನೂ ತಪ್ಪು ಮಾಡಿದ್ದೇನೆ. ಆದರೆ ಅವಳನ್ನು ನಿನ್ನ ಹತ್ತಿರ ಒಬ್ಬಳನ್ನೇ ಬಿಡಲಿಕ್ಕೆ ನನಗೆ ಧೈರ್ಯ ಇಲ್ಲ."

ಸಿಟ್ಟು ಬರಬೇಕಿತ್ತು, ನನ್ನ ಸ್ವಭಾವಕ್ಕೆ ಅದು ಬಂದೇ ಬರಬೇಕಿತ್ತು. ಬರಲಿಲ್ಲ. ನಲ್ಲಿ ನಿಲ್ಲಿಸಿ, ಸೆರಗಿನಲ್ಲಿ ಅವಳ ಒದ್ದೆ ಕೈ ಒರೆಸಿದೆ.

"ನನಗೂ ಇಲ್ಲ ಮಗಾ" ಎಂದೆ.